ಟಾಪಿನ ಮೇಲೆ ಎರಡು ಏಟು

ನಾನು ಹಾಕಿದ ಗೆರೆಯ ಮೇಲೇ ನಮ್ಮ ಮನೆಯವರು ಕತ್ತರಿಸಿಬಿಟ್ಟಿದ್ದರು.

ಟೀ ಫ್ಲಾಸ್ಕು ಹಿಡಿದು ಶೆಡ್ಡಿನೊಳಗೆ ಕಾಲಿಡುವ ಹೊತ್ತಿಗೆ ಗ್ರೈಂಡರ್ ನಿಂತಿತ್ತು. ಸುಟ್ಟ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಭಾವನ ಹಳೆಯ ಜೀಪಿನ ತಗಡಿನ ಟಾಪಿನಲ್ಲಿ ಒಬ್ಬ ಆಳು ಕೈಕಾಲು ಚಾಚಿ ಮಲಗುವಷ್ಟು ದೊಡ್ಡ ತೂತು ಬಿದ್ದಿತ್ತು. ತೂತು ಬೀಳಬೇಕಾದ್ದೇ, ನನ್ನ ಗಾಬರಿ ಅದಕ್ಕಲ್ಲ. ಸ್ಟೂಲು ಹತ್ತಿ ಅಂಚು ಮುಟ್ಟಿ ನೋಡಿದೆ.

"ಏನ್ರೀ ಇದು? ಒಳಗೆ ಮಡಚೋಕೆ ತಗಡು ಎಲ್ಲಿ?"

ಅವರು ಕನ್ನಡಕವನ್ನು ಹಣೆಗೇರಿಸಿ, "ಗೆರೆ ಹಾಕಿದ್ದೆಯಲ್ಲ" ಎಂದರು.

"ಹಾಕಿದ್ದೆ! ಅದು ಹೊಲಿಗೆ ಗೆರೆ! ಗೆರೆ ಮೇಲೇ ಯಾರಾದ್ರೂ ಕತ್ತರಿಸ್ತಾರಾ? ಒಂದಿಂಚು ಬಿಟ್ಟು ಕತ್ತರಿಸ್ತಾರೆ!"

"ನಾವು ಗೆರೆ ಮೇಲೇ ಕತ್ತರಿಸೋದು" ಎಂದರು. ಅಲ್ಲಿಗೆ ಅವರ ಆ ದಿನದ ಮಾತು ಮುಗಿಯಿತು.

ನಮ್ಮ ಬೀದಿಯವರು ಇವರಿಗೆ 'ಮಾತ್ರೆ' ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಒಂದು ಮಾತು, ರಾತ್ರಿ ಒಂದು ಮಾತು, ಅದೂ ಊಟ ಆದ ಮೇಲೆ. ಅವರದು ವೆಲ್ಡಿಂಗ್. ನನ್ನದು ಹೊಲಿಗೆ, ಆದರೆ ಉಡುವ ಬಟ್ಟೆಯದಲ್ಲ. ಟಾರ್ಪಾಲು, ಡೇರೆ, ಗಾಡಿಗಳ ಸೀಟು. ಒಂದೇ ಶೆಡ್ಡಿನಲ್ಲಿ ನಡುವೆ ಒಂದು ಪರದೆ ಎಳೆದುಕೊಂಡು ಇಪ್ಪತ್ತಾರು ವರ್ಷ ದುಡಿದಿದ್ದೇವೆ. ಹೊಲಿಯುವವರು ಸೀಮೆಸುಣ್ಣದ ಗೆರೆ ಎಳೆದರೆ ಅಲ್ಲಿ ಸೂಜಿ ಓಡಬೇಕು. ಕತ್ತರಿ ಬೀಳುವುದು ಅಲ್ಲಿಂದ ಒಂದಿಂಚು ಬಿಟ್ಟು. ತಗಡಿನವರು ಗೆರೆ ಎಳೆದರೆ ಅಲ್ಲೇ ಬ್ಲೇಡು. ಇದು ನಮ್ಮಿಬ್ಬರಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಇಬ್ಬರೂ ಸೇರಿ ಒಂದೇ ಸಾಮಾನಿಗೆ ಕೈ ಹಾಕಿದ್ದು ಇದೇ ಮೊದಲು. ಹಾಕಿದೆವು, ಹಾಳು ಮಾಡಿದೆವು.

ಒಂದಿಂಚು ಏನು ಮಹಾ ಎನ್ನಬೇಡಿ. ಆ ಒಂದಿಂಚನ್ನು ಸುತ್ತಲೂ ಕೆಳಕ್ಕೆ ಮಡಚಿದರೆ ತಗಡು ಗಟ್ಟಿಯಾಗುತ್ತದೆ, ನನ್ನ ಕ್ಯಾನ್ವಾಸ್ ಗೋಡೆಯನ್ನು ಅದಕ್ಕೇ ಕಚ್ಚಿಸಬೇಕು. ಕತ್ತರಿಸಿ ತೆಗೆದ ತುಂಡೇ ಮುಚ್ಚಳ. ಎರಡು ಗ್ಯಾಸ್ ಕೋಲುಗಳು, ಕಾರಿನ ಡಿಕ್ಕಿ ಎತ್ತಿ ಹಿಡಿಯುತ್ತವಲ್ಲ ಅಂಥವು, ಆ ಮುಚ್ಚಳವನ್ನು ಎತ್ತಿ ಹಿಡಿಯುತ್ತವೆ. ಸಂಜೆ ಎತ್ತಿದರೆ ಜೀಪಿನ ತಲೆ ಮೇಲೊಂದು ಡೇರೆ, ಒಳಗೆ ಮಲಗಲು ಹಲಗೆ, ಗಾಳಿಗೆ ಜಿಪ್ಪಿನ ಕಿಟಕಿ. ಬೆಳಿಗ್ಗೆ ಇಳಿಸಿ ಕೊಕ್ಕೆ ಹಾಕಿದರೆ ಮತ್ತೆ ಜೀಪು. ಈಗ ಮಡಚಲು ತಗಡೇ ಇಲ್ಲದೆ ಉಳಿದ ಅಂಚು ಕಾಗದದ ಹಾಗೆ ಅಲ್ಲಾಡುತ್ತಿತ್ತು.

ಮರುದಿನ ಬೆಳಿಗ್ಗೆ ಇವರು ದಿನದ ಮೊದಲ ಮಾತ್ರೆ ಕೊಟ್ಟರು: "ಪೂರ್ತಿ ತೆಗೀಬೇಕು."

ಮಧ್ಯಾಹ್ನದೊಳಗೆ ಟಾಪು ಪೂರ್ತಿ ಹೋಯಿತು. ಕಂಬಗಳು, ಬಾಗಿಲುಗಳು, ಮುಂದಿನ ಗಾಜು ಇದ್ದಲ್ಲೇ ನಿಂತಿದ್ದವು. ಮೇಲೆ ಮಾತ್ರ ಏನೂ ಇಲ್ಲ. ಪೈಪಿನ ಚೌಕಟ್ಟು ಮಾಡಿ ಕೂರಿಸಿ, ಅದರ ಮೇಲೆ ಹೊಸ ಮುಚ್ಚಳ ಹಾಕಲು ಇನ್ನೂ ನಾಲ್ಕು ದಿನ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷ ಭಾವ ತಿಕ್ಕಿ ತಿಕ್ಕಿ ಹೊಳಪು ಕೊಟ್ಟಿದ್ದ ಟಾಪು ಗೋಡೆಗೆ ಒರಗಿ ನಿಂತಿತ್ತು.

ಮೂರು ಗಂಟೆಗೆ ಸ್ವಲ್ಪ ಮುಂಚೆ ಅಕ್ಕ ಬಂದಳು. ನೋಡಿದವಳೇ ಕ್ಯಾನ್ವಾಸ್ ಸುರುಳಿಯ ಮೇಲೆ ಕುಸಿದು ಕೂತಳು.

"ಅಯ್ಯಯ್ಯೋ, ಪೂರ್ತಿ ಬೋಳಿಸಿಬಿಟ್ರಲ್ಲೇ!"

"ನಿನ್ನ ಸವತಿಗೆ ಕ್ಷೌರ ಆಯ್ತು ಬಿಡು" ಎಂದೆ. ನಗಿಸಲು ಹೇಳಿದ್ದು. ಅವಳು ನಗಲಿಲ್ಲ.

ಆ ಜೀಪಿಗೆ ಸವತಿ ಎಂದು ಹೆಸರಿಟ್ಟವಳೇ ಅಕ್ಕ. ಭಾವ ಅದರಲ್ಲಿ ಯಾರಿಗೂ ತಿಂಡಿ ತಿನ್ನಲು ಬಿಡುತ್ತಿರಲಿಲ್ಲ, ಚಪ್ಪಲಿ ಜಾಡಿಸದೆ ಹತ್ತಲು ಬಿಡುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಹಕ್ಕಿ ಕೂತರೂ ಒಳಗಿಂದ ಓಡಿ ಬರುತ್ತಿದ್ದರು. ಆದರೂ ರಜಾ ಬಂತೆಂದರೆ ಇಬ್ಬರೂ ಅದನ್ನೇ ಹತ್ತಿ ಹೋಗುತ್ತಿದ್ದರು: ಗುಡ್ಡ, ಕಾಡು, ಸಮುದ್ರದ ದಂಡೆ. ರಾತ್ರಿ ಸೀಟಿನಲ್ಲೇ ಕೂತು ನಿದ್ದೆ, ಬಗ್ಗಿಕೊಂಡೇ ಬಟ್ಟೆ ಬದಲಾಯಿಸುವುದು. "ಒಂದ್ಸಲ ಆದ್ರೂ ಅದರೊಳಗೆ ನೆಟ್ಟಗೆ ನಿಂತ್ಕೋಬೇಕು ಕಣೇ" ಎಂದು ಅಕ್ಕ ಎಷ್ಟು ವರ್ಷದಿಂದ ಹೇಳುತ್ತಿದ್ದಳೋ ಲೆಕ್ಕವಿಲ್ಲ. ಇನ್ನು ಮೂರು ವಾರಕ್ಕೆ ಭಾವ ನಿವೃತ್ತಿ. ಅಂದು ಕೀಲಿ ಕೈಗಿಟ್ಟು, ಟಾಪು ಎತ್ತಿ ತೋರಿಸಿ, "ನಡೀರಿ, ಇನ್ನು ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ, ಮನೆ ನೆನಪಾದಾಗ ವಾಪಸ್ ಬರೋಣ" ಎನ್ನಬೇಕೆಂಬುದು ಅವಳ ಆಸೆ. ಸೀಟು ಹೊಲಿಸಬೇಕು ಎಂದು ಸುಳ್ಳು ಹೇಳಿ ಗಾಡಿಯನ್ನು ನಮ್ಮಲ್ಲಿಗೆ ತರಿಸಿದ್ದಳು.

"ಸಿದ್ಧ ಮಾಡಿ ತೋರಿಸಿದ್ರೆ ಒಪ್ಪುತ್ತಾರೆ. ಹೀಗೆ ಅರ್ಧಂಬರ್ಧ ನೋಡಿದ್ರೆ ಮುಗೀತು, ಜನ್ಮದಲ್ಲಿ ನನ್ನ ಜೊತೆ ಅದರಲ್ಲಿ ಕೂರಲ್ಲ" ಎಂದಳು. ನನಗೆ ನನ್ನ ಗೆರೆಯ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಹೊರಗೆ ಬಸ್ಸು ನಿಂತ ಸದ್ದು. ಹಳದಿ ಬಣ್ಣ ಶೆಡ್ಡಿನ ಬಾಗಿಲನ್ನು ಅರ್ಧ ಮುಚ್ಚಿತು. ಶಾಲೆಯ ಬಸ್ಸು.

ಭಾವ ಮೂವತ್ತೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುವವರು. ಮೂರೂವರೆಗೆ ಶಾಲೆ ಬಿಡುತ್ತದೆ. ಅದಕ್ಕೆ ಮುಂಚೆ ಅವರು ಯಾವತ್ತೂ ಈ ಕಡೆ ತಲೆ ಹಾಕಿದವರಲ್ಲ.

"ಅಯ್ಯೋ ದೇವರೇ" ಎಂದಳು ಅಕ್ಕ.

ಕ್ಯಾನ್ವಾಸ್ ಹೊದಿಸಿ ಮುಚ್ಚೋಣವೆಂದರೆ ಅಕ್ಕ ಕೂತದ್ದೇ ಅದರ ಮೇಲೆ. ನಾನು ಎಳೆದೆ, ಅವಳು ಏಳಲಿಲ್ಲ. ಇವರು ಮಾತ್ರ ಸುತ್ತಿಗೆ ಹಿಡಿದು ನಿಂತಲ್ಲೇ ನಿಂತಿದ್ದರು, ಕಂಬ.

"ಏನಯ್ಯಾ, ಐದು ದಿನ ಆಯ್ತು, ನನ್ನ ಗಾಡಿ ಮುಖ ನೋಡಿಲ್ಲ ನಾನು!" ಎನ್ನುತ್ತಾ ಭಾವ ಒಳಗೆ ಬಂದರು. ಬರುವಾಗ ಬಾಗಿಲಿನ ಚೌಕಟ್ಟಿಗೆ ಭುಜ ತಗುಲಿತು. ಗ್ರೈಂಡರ್ ವಯರು ಕಾಲಿಗೆ ಸಿಕ್ಕಿ ಮುಗ್ಗರಿಸಿದರು. "ವಯರ್ ಹೀಗಾ ಬಿಡೋದು? ಯಾರಾದ್ರೂ ಬಿದ್ದು ಹಲ್ಲು ಮುರ್ಕೋತಾರೆ." ನೇರ ಜೀಪಿನ ಎದುರಿಗೆ ಹೋಗಿ ನಿಂತರು.

ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ.

ಭಾವ ಬಾನೆಟ್ಟು ಸವರಿದರು. ಬಗ್ಗಿ ದೀಪದ ಸುತ್ತಿನ ಬಳೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಇದೇನಿದು ಗೀರು?"

ಅಲ್ಲಿ ನಿಜವಾಗಿಯೂ ಒಂದು ಗೀರಿತ್ತು. ಉಗುರಿನಷ್ಟು. ಮೊನ್ನೆ ಇವರ ಏಣಿ ತಾಗಿದ್ದು. ನಾನು ಅದನ್ನು ಅದುವರೆಗೂ ನೋಡಿಯೇ ಇರಲಿಲ್ಲ.

"ನೋಡಿ ಇಲ್ಲಿ, ಸುಮಾರು ಅರ್ಧ ಇಂಚು ಇದೆ. ಗಾಡಿ ಕೈಗೆ ಕೊಟ್ರೆ ಹೀಗಾ ನೋಡ್ಕೊಳ್ಳೋದು? ಹೆಂಡ್ತಿ ತವರಿನೋರು ಅಂತ ಸುಮ್ನಿದೀನಿ, ಬೇರೆಯವರಾಗಿದ್ರೆ ಇಷ್ಟು ಹೊತ್ತಿಗೆ..." ನಕ್ಕರು. "ಸೀಟು ಎಲ್ಲೀವರೆಗೆ ಬಂತಮ್ಮಾ?"

ಪ್ರಶ್ನೆ ನನಗೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಇಡೀ ಬೀದಿಗೆ ಗೊತ್ತು. ಆದರೆ ಅಂದು ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನಾನು ಭಾವನನ್ನು ನೋಡಿದೆ, ಜೀಪು ನೋಡಿದೆ, ಮತ್ತೆ ಭಾವನನ್ನು ನೋಡಿದೆ. ತಮಾಷೆ ಮಾಡುತ್ತಿದ್ದಾರೆಯೇ? ಎಲ್ಲ ತಿಳಿದೇ ನಮ್ಮನ್ನು ಆಟ ಆಡಿಸುತ್ತಿದ್ದಾರೆಯೇ? ಇಲ್ಲ. ಆ ಮುಖ ನನಗೆ ಗೊತ್ತು. ಗೀರಿನ ಮೇಲೆ ಉಗುಳು ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದ ಮನುಷ್ಯನ ಮುಖದಲ್ಲಿ ಆಟವೇನೂ ಇರಲಿಲ್ಲ.

ಟಾಪು ಇಲ್ಲದ್ದು ಅವರಿಗೆ ಕಂಡೇ ಇರಲಿಲ್ಲ.

ಅಕ್ಕ ಕಳೆದ ಆರು ತಿಂಗಳಿಂದ ಗೊಣಗುತ್ತಿದ್ದದ್ದೆಲ್ಲ ಒಂದೊಂದಾಗಿ ತಲೆಯೊಳಗೆ ಬಂತು. ಮೇಜಿನ ಅಂಚಿನ ಲೋಟ ಬೀಳಿಸುತ್ತಾರೆ. ಬಾಗಿಲ ಮೇಲ್ಪಟ್ಟಿಗೆ ತಲೆ ಕುಟ್ಟಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತರೂ ಗೊತ್ತಾಗದೆ, ತಿರುಗಿ ಬೆಚ್ಚಿಬೀಳುತ್ತಾರೆ. ನಿವೃತ್ತಿ ಹತ್ತಿರ ಬಂತಲ್ಲ, ಗಮನ ಎಲ್ಲೋ ಇರುತ್ತೆ ಎಂದು ನಾವಿಬ್ಬರೂ ನಕ್ಕಿದ್ದೆವು. ಕಣ್ಣೆಂದು ನಮಗೆ ಹೊಳೆಯಲೇ ಇಲ್ಲ, ಹೊಳೆಯುವುದಾದರೂ ಹೇಗೆ? ಪ್ರತಿ ವರ್ಷ ಶಾಲೆಯವರು ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಗೋಡೆಯ ಪಟ್ಟಿಯಲ್ಲಿ ಕೊನೆಯ ಸಾಲಿನ ಅಕ್ಷರವನ್ನೂ ಭಾವ ಗಡಗಡ ಓದುತ್ತಾರೆ. "ಅದರ ಕೆಳಗೆ ಪಟ್ಟಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿತ್ತು, ಅದನ್ನೂ ಓದ್ಬಿಟ್ಟೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

"ಏನು ಎಲ್ಲರೂ ಮೌನವ್ರತ ಹಿಡಿದಿದೀರಾ? ಇವನ ರೋಗ ನಿಮಗೂ ಅಂಟಿತಾ?" ಎಂದು ಇವರ ಕಡೆ ಕೈ ತೋರಿಸಿದರು. "ಹೋಗಲಿ, ಒಂದ್ಸಲ ಸ್ಟಾರ್ಟ್ ಮಾಡಿ ಹೋಗ್ತೀನಿ. ಐದು ದಿನ ನಿಂತ್ರೆ ಇಂಜಿನ್ ಮುನಿಸ್ಕೊಳ್ಳುತ್ತೆ. ಆಮೇಲೆ ಮಕ್ಕಳನ್ನ ಕರ್ಕೊಂಡ್ಬರಬೇಕು, ಹೊತ್ತಾಯ್ತು."

ಮಕ್ಕಳು.

ಅಲ್ಲಿಯವರೆಗೆ ನನಗೆ ಅಕ್ಕನ ಆಸೆಯದಷ್ಟೇ ಚಿಂತೆ. ಆ ಒಂದು ಮಾತಿಗೆ ತಿರುಗಿ ಹೊರಗೆ ನೋಡಿದೆ. ಬಾಗಿಲಲ್ಲಿ ಬಸ್ಸು ನಿಂತಿತ್ತು. ಅದರ ಕೀಲಿ ಅವರ ಜೇಬಿನಿಂದ ಇಣುಕುತ್ತಿತ್ತು.

ಭಾವ ಬಾಗಿಲು ತೆಗೆದು ಹತ್ತಿದರು. ಸೀಟಿನಲ್ಲಿ ಕೂತು ಎದುರಿನ ಗಾಜನ್ನು ತೋಳಿನಿಂದ ಒರೆಸಿದರು. ಜೀಪಿನ ಕೀಲಿ ತಿರುಗಿಸುವ ಮುಂಚೆ ಅವರದೊಂದು ಅಭ್ಯಾಸ: ಕಿಟಕಿಯಿಂದ ಕೈ ಹೊರಗೆ ಚಾಚಿ ಟಾಪಿನ ಮೇಲೆ ಅಂಗೈಯಿಂದ ಎರಡು ಏಟು. ಢಣ್ ಢಣ್. 'ಎದ್ದೇಳಪ್ಪಾ' ಎಂದ ಹಾಗೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ.

ಕೈ ಹೊರಗೆ ಬಂತು. ಮೇಲೆ ಹೋಯಿತು. ಬಡಿಯಿತು.

ಸದ್ದೇ ಇಲ್ಲ. ಕೈ ಗಾಳಿಯಲ್ಲಿ ಹಾದು ಅವರದೇ ತಲೆಗೆ ತಾಗಿತು.

ಮತ್ತೊಮ್ಮೆ ಬಡಿದರು. ಮತ್ತೆ ಗಾಳಿ. ಬೆರಳುಗಳು ಅತ್ತಿತ್ತ ತಡಕಾಡಿದವು. ಆಮೇಲೆ ಭಾವ ನಿಧಾನಕ್ಕೆ ಕತ್ತು ಎತ್ತಿದರು. ಶೆಡ್ಡಿನ ತಗಡು, ಜಂತಿ, ಜೇಡರ ಬಲೆ.

"ಟಾಪೆಲ್ಲಿ?" ಎಂದರು. ಕೂಗಾಟವಲ್ಲ, ಪಿಸುಮಾತು. ಆಮೇಲೆ ಕೂಗಿದರು. "ನನ್ನ ಗಾಡಿ ಟಾಪೆಲ್ಲಿ? ಯಾರು ಕಿತ್ತಿದ್ದು? ಯಾವಾಗ ಕಿತ್ರಿ?"

"ನಾನೇ ರೀ" ಎಂದು ಅಕ್ಕ ಎದ್ದಳು. ಅಳು ಬಂದೇಬಿಟ್ಟಿತ್ತು. "ನಾನೇ ಕೀಳಿಸಿದ್ದು. ನಿಮ್ಮ ನಿವೃತ್ತಿಗೆ ಅಂತ... ಒಳಗೆ ನಿಂತ್ಕೊಳ್ಳೋ ಹಾಗೆ ಮಾಡ್ಸೋಣ ಅಂತ... ಅಳತೆ ತಪ್ಪೋಯ್ತು... ಬೈಯ್ಯಿರಿ, ಹೊಡೀರಿ, ಏನಾದ್ರೂ ಮಾಡಿ."

ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಪಾಪ, ಅವಳು ಬೈಗುಳಕ್ಕೆ ಹೆದರಿದ್ದಳು.

ಆಗ ನಮ್ಮ ಮನೆಯವರು ಸುತ್ತಿಗೆ ಕೆಳಗಿಟ್ಟು ಜೀಪಿನ ಬಳಿ ಹೋದರು. ಇಪ್ಪತ್ತಾರು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಕಷ್ಟದ ಮಾತು ಅದು.

"ಅಣ್ಣಾ, ಟಾಪು ಇಲ್ಲದೇ ಇರೋದು ಮಧ್ಯಾಹ್ನದಿಂದ. ನೀವು ಬಂದು ಹತ್ತು ನಿಮಿಷ ಆಯ್ತು."

ಗೋಡೆಗೆ ಒರಗಿದ್ದ ಟಾಪಿನ ಕಡೆ ಇವರು ಕೈ ತೋರಿಸಿದರೆ, ಭಾವ ಕತ್ತು ತಿರುಗಿಸಿ, ಇನ್ನೂ ತಿರುಗಿಸಿ, ಆಮೇಲೆ ಕಂಡುಕೊಂಡರು. ಒಳಗೆ ಬರುವಾಗ ಅದರ ಪಕ್ಕದಲ್ಲೇ ಹಾದು ಬಂದಿದ್ದರು.

ನನ್ನ ಕೊರಳಲ್ಲಿ ಟೇಪು ಯಾವಾಗಲೂ ಇರುತ್ತದೆ. ಅದನ್ನು ತೆಗೆದು ಹತ್ತಿರ ಹೋದೆ.

"ಭಾವ, ನೆಟ್ಟಗೆ ನನ್ನ ಮೂಗು ನೋಡಿ. ಕಣ್ಣು ಆಚೀಚೆ ಮಾಡ್ಬೇಡಿ. ಟೇಪಿನ ತುದಿ ಕಂಡಾಗ ಹೂಂ ಅನ್ನಿ."

ತುದಿಯನ್ನು ಅವರ ಕಿವಿಯ ಬಳಿ ಹಿಡಿದು ನಿಧಾನಕ್ಕೆ ಮುಂದೆ ತಂದೆ. ನನಗಾದರೆ ಕಿವಿ ದಾಟುತ್ತಲೇ ಕಂಡುಬಿಡುತ್ತದೆ. ಭಾವ ಹೂಂ ಎನ್ನಲಿಲ್ಲ. ಕೆನ್ನೆ ದಾಟಿತು. ಹುಬ್ಬಿನ ಕೊನೆ ದಾಟಿತು. ಇನ್ನೇನು ಅವರಿಗೂ ನನ್ನ ಮೂಗಿಗೂ ನಡುವೆ ಬರಬೇಕು, ಆಗ "ಹೂಂ" ಎಂದರು. ಆ ಕಡೆಯಿಂದ ತಂದೆ. ಅಷ್ಟೇ. ಹಣೆಯ ಮೇಲಿಂದ ಇಳಿಸಿದೆ. ಕಣ್ಣಿನ ಮಟ್ಟಕ್ಕೆ ಬರುವವರೆಗೂ ಇಲ್ಲ. ಅವರ ಪಾಲಿಗೆ ಉಳಿದಿದ್ದದ್ದು ಎದುರಿಗೆ ಒಂದು ತಟ್ಟೆಯಷ್ಟು ಜಾಗ, ಆ ತಟ್ಟೆಯೊಳಗೆ ಎಲ್ಲವೂ ಸ್ಪಷ್ಟ. ಪಟ್ಟಿಯ ಅಕ್ಷರ ಅದರೊಳಗೆ ಹಿಡಿಸುತ್ತದೆ, ಗೀರು ಹಿಡಿಸುತ್ತದೆ. ಈ ಕಾಯಿಲೆ ಸದ್ದಿಲ್ಲದೆ ಅಂಚಿನಿಂದ ಒಳಗೆ ಬರುತ್ತದೆಂದೂ, ಇರುವವರಿಗೇ ಗೊತ್ತಾಗುವುದಿಲ್ಲವೆಂದೂ, ಹೋದ ನೋಟ ಮರಳದೆಂದೂ ಕಣ್ಣಿನ ಡಾಕ್ಟರು ಹೇಳಿದ್ದು ಆಮೇಲಿನ ಮಾತು. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದದ್ದು ಟೇಪೊಂದೇ.

ಅಕ್ಕನ ಅಳು ನಿಂತಿತ್ತು. ಅವಳಿಗೆ ಅರ್ಥವಾಗಿದ್ದು ಆಗ.

ಭಾವ ಸ್ಟಿಯರಿಂಗ್ ಹಿಡಿದು ಎದುರಿನ ಗಾಜನ್ನೇ ನೋಡುತ್ತಾ ಕೂತಿದ್ದರು.

"ಬಸ್ ಬಿಡೋ ಮುಂಚೆ ಕನ್ನಡೀಲಿ ತಲೆ ಎಣಿಸ್ತೀನಿ" ಎಂದರು. "ನಲವತ್ತೆರಡು. ಈಚೆಗೆ ಯಾವತ್ತೂ ನಲವತ್ತೆರಡು ಬರ್ತಿರಲಿಲ್ಲ. ಮೂವತ್ತು, ಇಪ್ಪತ್ತೆಂಟು. ನೆಗಡಿ, ಜ್ವರ, ಮಕ್ಕಳು ಬಂದಿಲ್ಲ ಅಂದ್ಕೊಂಡೆ."

ಭಾವ ಬೆರಳು ಮಡಚಿ ಏನನ್ನೋ ಎಣಿಸಿದರು.

"ಇಳೀವಾಗ ನೋಡಿದ್ರೆ ಎಲ್ಲಾ ಇರೋರು. ಈ ವರ್ಷ ಮಕ್ಕಳು ಸೀಟಿನ ಕೆಳಗೆ ಕೂತು ಆಟ ಆಡ್ತಾವೆ ಅಂತ ಬೈದಿದೀನಿ ನಾನು. ಪಾಪದವನ್ನ ಸುಮ್ನೆ ಬೈದಿದೀನಿ. ಇಳಿಸಿದ ಮೇಲೆ ಗಾಡಿ ಪಕ್ಕ ಯಾರೂ ಇಲ್ಲ ಅಂತ ನೋಡ್ಕೊಂಡೇ ಬಿಡ್ತಿದ್ದೆ. ಯಾರೂ ಇರ್ತಿರಲಿಲ್ಲ. ಯಾವತ್ತೂ ಯಾರೂ ಇರ್ತಿರಲಿಲ್ಲ..."

ಇಬ್ಬರು ಮಕ್ಕಳನ್ನು ಹೆತ್ತವಳು ನಾನು. ಸ್ಟೂಲು ಎಳೆದು ಕೂತುಬಿಟ್ಟೆ. ಏನೂ ಆಗಿರಲಿಲ್ಲ. ಆರು ತಿಂಗಳು, ದಿನಕ್ಕೆ ಎರಡು ಸಲ, ಏನೂ ಆಗಿರಲಿಲ್ಲ.

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ. ಭಾವ ಜೇಬಿನಿಂದ ಬಸ್ಸಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇನ್ನೊಂದು ಜೇಬಿನಿಂದ ಫೋನು ತೆಗೆದು ಶಾಲೆಗೆ ಮಾಡಿದರು. ಮೂವತ್ತೊಂದು ವರ್ಷದಲ್ಲಿ ಒಂದೂ ರಜಾ ಹಾಕದ ಮನುಷ್ಯ.

"ಮೇಡಂ, ಬದಲಿ ಡ್ರೈವರ್ ಕಳಿಸಿ, ತಕ್ಷಣ ಬೇಕು... ಇಲ್ಲ ಮೇಡಂ, ಬಸ್ಸು ಚೆನ್ನಾಗಿದೆ. ನಾನೇ ಚೆನ್ನಾಗಿಲ್ಲ... ನಾಳೆಗೂ ಕಳಿಸಿ. ಇನ್ಮೇಲೆ ಅವರೇ."

ಇಪ್ಪತ್ತು ನಿಮಿಷಕ್ಕೆ ಬದಲಿಯವನು ಬಂದ. ಕೀಲಿ ನಾನೇ ಕೊಟ್ಟೆ. "ಸರಿಯಾಗಿ ಎಣಿಸಪ್ಪಾ, ನಲವತ್ತೆರಡು" ಎಂದೆ. ಬಸ್ಸು ಹೋಗುವ ಸದ್ದನ್ನು ಭಾವ ಕೂತಲ್ಲಿಂದಲೇ ಕೇಳಿಸಿಕೊಂಡರು. "ಸೆಕೆಂಡ್ ಗೇರ್ ತಡವಾಗಿ ಹಾಕ್ತಾನೆ" ಎಂದರು. ಅಷ್ಟು ಹೇಳಿ ಮುಖ ಮುಚ್ಚಿಕೊಂಡರು.

ಅಕ್ಕ ಆ ಕಡೆಯ ಬಾಗಿಲು ತೆಗೆದು ಅವರ ಪಕ್ಕದಲ್ಲಿ ಕೂತಳು. ಅವಳು ಇಷ್ಟು ವರ್ಷ ಕೂತ ಜಾಗ ಅದೇ. ಓಡಿಸುವವರು ಅವರು, ಪಕ್ಕದಲ್ಲಿ ತಾನು. ಅವಳು ಕೇಳಿದ್ದು ಅಷ್ಟನ್ನೇ, ಅದೊಂದೇ ಇನ್ನು ಆಗುವುದಿಲ್ಲ. ನಾನು ಪರದೆಯ ಆಚೆ ಹೋಗೋಣವೆಂದು ತಿರುಗಿದೆ.

"ಎಷ್ಟು ಎತ್ತರ ಬರುತ್ತೆ?" ಭಾವ ಕೇಳಿದರು.

"ಆರೂಕಾಲು ಅಡಿ" ಎಂದರು ನಮ್ಮವರು.

"ನಿಂತ್ಕೊಳ್ಳೇ" ಎಂದರು ಭಾವ. "ನೋಡೋಣ."

"ಈಗ್ಯಾಕೆ ರೀ ಅದೆಲ್ಲ. ಯಾರು ಓಡಿಸ್ತಾರೆ ಇನ್ನು?"

"ಅದು ಆಮೇಲೆ. ನೀನು ನಿಂತ್ಕೋ."

ಅಕ್ಕ ಚಪ್ಪಲಿ ಬಿಟ್ಟು, ಕಂಬ ಹಿಡಿದು, ಸೀಟಿನ ಮುಂದಿನ ಜಾಗದಲ್ಲಿ ಎದ್ದಳು. ಮೊದಲು ಅಭ್ಯಾಸದಂತೆ ಬಗ್ಗಿಯೇ ನಿಂತಳು. ತಲೆಗೆ ಏನೂ ತಾಗದ್ದು ಗೊತ್ತಾದ ಮೇಲೆ ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

ಭಾವ ನೆಟ್ಟಗೆ ನೋಡಿದರೆ ಅವಳ ಮೊಣಕೈ ಮಾತ್ರ. ಅಲ್ಲಿಂದ ಕತ್ತು ಎತ್ತಿದರು, ಭುಜ ಸಿಕ್ಕಿತು, ಇನ್ನೂ ಎತ್ತಿದರು. ಅವಳ ಮುಖ ಸಿಗುವವರೆಗೂ ಎತ್ತುತ್ತಲೇ ಹೋದರು, ಸಿಕ್ಕಿದ ಮೇಲೆ ಅಲ್ಲಿಂದ ಕದಲಲಿಲ್ಲ.